ರೈಟರ್ ಚಿಕ್ಕಪ್ಪನ ಕೊನೆಯ ಪುಸ್ತಕ

ಮೊನ್ನೆ ಹಿತ್ತಿಲ ಬಾಗಿಲಿನ ಚಿಲಕ ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಸರಿಯದಾಯಿತು. ಅಟ್ಟದ ಮೇಲೆ ಯಾವ ಕಾಲದಿಂದಲೋ ಉಳಿದಿದ್ದ ಸೀಮೆಎಣ್ಣೆ ಬಾಟಲಿ ಹುಡುಕಿ ತಂದು, ಬಟ್ಟೆಗೆ ಹಾಕಿ ಉಜ್ಜಿದೆ. ಚಿಲಕ ಸಡಿಲವಾಯಿತು, ಆದರೆ ಕೈಗೆ ಹತ್ತಿದ ವಾಸನೆ ಮೂರು ಸಲ ಸೋಪು ಹಾಕಿ ತೊಳೆದರೂ ಹೋಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತರೆ ತುತ್ತಿನಲ್ಲೂ ಅದೇ. ನನ್ನ ಚಿಕ್ಕಪ್ಪನ ಕೈ ಹೀಗೆಯೇ ನಾರುತ್ತಿತ್ತು... ಸೀಮೆಎಣ್ಣೆ, ಜೊತೆಗೆ ಅಚ್ಚಿನ ಮಸಿ.

ಚಿಕ್ಕಪ್ಪ ಕಳಸದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಬೆಳಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವುದು, ಯಾರು ಯಾವ ಕೆಲಸಕ್ಕೆ ಎಂದು ಬರೆದುಕೊಳ್ಳುವುದು ಅವರ ಕಸುಬು. ತೊಂಬತ್ತರ ದಶಕದ ನಡುವಿನಲ್ಲಿ, ನಮ್ಮೂರಿಗೆ ಸರಿಯಾದ ಬಸ್ಸಿರಲಿಲ್ಲವೆಂದು, ಪಿಯುಸಿ ಓದಲು ನಾನು ಅವರ ಕ್ವಾರ್ಟರ್ಸಿನಲ್ಲಿ ಎರಡು ವರ್ಷ ಇದ್ದೆ. ಆ ಹೊತ್ತಿಗೆ ಅವರ ಪುಸ್ತಕದ ಹುಚ್ಚು ಹಳೆಯದಾಗಿತ್ತು. ಮೂಡಿಗೆರೆಯ ಪ್ರೆಸ್ಸೊಂದು ಮೂಲೆಗೆ ತಳ್ಳಿದ್ದ, ಕಾಲಲ್ಲಿ ತುಳಿಯುವ ಅಚ್ಚಿನ ಯಂತ್ರವನ್ನು ಪಿಕಪ್ಪಿನಲ್ಲಿ ಹೇರಿಕೊಂಡು ಬಂದು ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಆಗಲೇ ನಾಲ್ಕು ಸಣ್ಣ ಪುಸ್ತಕ ಮಾಡಿ, ಸಿಕ್ಕಸಿಕ್ಕವರಿಗೆ ಹಂಚಿದ್ದರು.

"ಮದ್ವೆ ಆಗ್ದೆ ಹುಚ್ಚು ಬಿಡಲ್ಲ ಅಂತಾರಲ್ಲ, ಇವ್ರಿಗೆ ಮದ್ವೆ ಆಗಿ ಹದಿನೆಂಟು ವರ್ಷ ಆತು ಮಾರಾಯ್ತಿ, ಇನ್ನೂ ಬಿಟ್ಟಿಲ್ಲ" ಎನ್ನುತ್ತಿದ್ದರು ಚಿಕ್ಕಮ್ಮ. ಅವರು ಕೆಟ್ಟವರಲ್ಲ. ಹೊತ್ತು ಹೊತ್ತಿಗೆ ಕೊಟ್ಟಿಗೆಗೆ ಕಾಫಿ ಕಳಿಸುತ್ತಿದ್ದರು, ತಾವು ಮಾತ್ರ ಹೊಸಿಲು ದಾಟುತ್ತಿರಲಿಲ್ಲ. ವಾರಪತ್ರಿಕೆಗಳನ್ನು ಅಕ್ಷರ ಬಿಡದೆ ಓದುವ ಹೆಂಗಸು ಗಂಡ ಮಾಡಿದ ಪುಸ್ತಕದ ಒಂದು ಹಾಳೆಯನ್ನೂ ಮಗುಚಿದ್ದನ್ನು ನಾನು ಕಾಣೆ. ಇಬ್ಬರು ಗಂಡುಮಕ್ಕಳೋ, ಅಪ್ಪ ಕಾಗದ ಮಡಿಸಲು ಕರೆಯುವ ಸೂಚನೆ ಸಿಕ್ಕರೆ ಸಾಕು, ಬ್ಯಾಟು ಹಿಡಿದು ಮಾಯವಾಗುತ್ತಿದ್ದರು.

ನಾನಿದ್ದಾಗ ಚಿಕ್ಕಪ್ಪ ಐದನೆಯ ಪುಸ್ತಕ ಶುರು ಮಾಡಿದರು. ದಿನಾ ಹೆಸರು ಕೂಗುತ್ತಿದ್ದ ಆಳುಗಳದ್ದೇ ಪುಸ್ತಕ. ಯಾವ ಊರಿನವರು, ಯಾರ ಜೊತೆ ಘಟ್ಟ ಹತ್ತಿ ಬಂದರು, ಏನು ಕಂಡರು, ಎಲ್ಲ ಅವರ ಬಾಯಲ್ಲೇ ಕೇಳಿ ಬರೆದುಕೊಂಡಿದ್ದರು. "ಇಪ್ಪತ್ತು ವರ್ಷ ಬರೀ ಹೆಸರು ಬರ್ದೆ ಮಗ. ಹೆಸರಿನ ಹಿಂದೆ ಇದ್ದೋರನ್ನ ಬರೀಲಿಲ್ಲ" ಎಂದು ಒಮ್ಮೆ ಹೇಳಿದ್ದರು.

ಅವರ ಬಳಿ ನಾಲ್ಕು ಪುಟಕ್ಕೆ ಸಾಲುವಷ್ಟೇ ಅಚ್ಚುಮೊಳೆಗಳು, ಅಂದರೆ ಸೀಸದ ಬಿಡಿ ಅಕ್ಷರಗಳು, ಇದ್ದವು. ನಾಲ್ಕು ಪುಟ ಜೋಡಿಸಿ ಅಚ್ಚು ಹಾಕಿ, ಮೊಳೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಅವೇ ಮೊಳೆಗಳಲ್ಲಿ ಮುಂದಿನ ನಾಲ್ಕು ಪುಟ ಜೋಡಿಸಬೇಕು. ಬಿಚ್ಚದೆ ಇಟ್ಟುಕೊಂಡದ್ದು ಎರಡೇ ಸಾಲು. "ಈಗ ಮಕ್ಕಳ ಜೊತೆ ಇಲ್ಲೇ ಇದ್ದಾರೆ" ಎನ್ನುವುದು ಒಂದು, "ಈಗ ನಮ್ಮೊಂದಿಗಿಲ್ಲ" ಎನ್ನುವುದು ಇನ್ನೊಂದು. ಪ್ರತಿಯೊಬ್ಬರ ಕಥೆಯ ಕೊನೆಗೂ ಈ ಎರಡರಲ್ಲೊಂದು ಬೇಕಾಗುತ್ತಿದ್ದರಿಂದ ಎರಡಕ್ಕೂ ನೂಲು ಸುತ್ತಿ ಕಿಟಕಿಯಲ್ಲಿ ಇಟ್ಟಿದ್ದರು. ಮೊಳೆಯಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ. ಒಂದರ ಬದಲು ಇನ್ನೊಂದು ಕೂತರೆ, ಕರಡು ಹಾಳೆ ತೆಗೆದು ಓದಿದರಷ್ಟೇ ಗೊತ್ತಾಗುವುದು.

ಓದುವುದು ನನ್ನ ಕೆಲಸವಾಗಿತ್ತು. ಮೊದಲ ಪುಟದಲ್ಲಿ "ಕರಡು ತಿದ್ದಿದವರು" ಎಂದು ನನ್ನ ಹೆಸರು ಹಾಕುತ್ತೇನೆಂದು ಆಸೆ ತೋರಿಸಿದ್ದರು, ಆ ಆಸೆಗೇ ಒಪ್ಪಿದ್ದೆ. ಮೊದಮೊದಲು ಬೆರಳಿಟ್ಟು ಓದಿದೆ. ಆಷಾಢದ ಹೊತ್ತಿಗೆ ಬೇಸರ ಬಂದಿತ್ತು. ಒಂದು ಸಂಜೆ ಟಿವಿಯಲ್ಲಿ ಧಾರಾವಾಹಿ ನೋಡುತ್ತಾ, ಮೇಲಿನ ಹಾಳೆಯ ಮೂಲೆಯಲ್ಲಿ "ಸರಿ ಇದೆ" ಎಂದು ಬರೆದು ನಾಲ್ಕೂ ಹಾಳೆಗಳನ್ನು ಹಾಗೇ ಕೊಟ್ಟುಬಿಟ್ಟೆ.

"ಪೂರ್ತಿ ನೋಡಿದ್ಯಾ ಮಗ?"

"ನೋಡ್ದೆ ಚಿಕ್ಕಪ್ಪ."

ಆಗಸ್ಟ್ ಹದಿನೈದರ ಬೆಳಗ್ಗೆ, ಎಸ್ಟೇಟಿನ ಅಂಗಳದಲ್ಲಿ ಬಾವುಟ ಹಾರಿಸಿ ಪೆಪ್ಪರ್‌ಮಿಂಟು ಹಂಚಿದ ಮೇಲೆ, ಚಿಕ್ಕಪ್ಪ ಪುಸ್ತಕ ಹಿಡಿದು ಒಬ್ಬೊಬ್ಬರ ಪುಟವನ್ನೂ ಗಟ್ಟಿಯಾಗಿ ಓದಿದರು. ಮುಂದಿನ ಸಾಲಿನಲ್ಲೇ ಕೂತಿದ್ದಳು ಒಬ್ಬ ಅಜ್ಜಿ, ಹಬ್ಬದ ಸೀರೆ ಉಟ್ಟುಕೊಂಡು ಬಂದಿದ್ದಳು. "ನಂದು ಓದಿ ರೈಟ್ರೆ, ನಂದು" ಎಂದು ಎರಡು ಸಲ ಕೇಳಿದಳು. ಚಿಕ್ಕಪ್ಪ ಓದಿದರು. ಹುಡುಗಿಯಾಗಿದ್ದಾಗ ತೋಟದ ನೆರಳಿಗೆಂದು ಅವಳು ನೆಟ್ಟ ಸಿಲ್ವರ್ ಓಕ್ ಸಸಿಗಳು ಈಗ ತಬ್ಬಿದರೆ ಕೈ ಸೇರುವುದಿಲ್ಲ ಎಂಬಲ್ಲಿ ಹೆಂಗಸರೆಲ್ಲ ನಕ್ಕರು. ಅದೇ ಓಘದಲ್ಲಿ ಕೊನೆಯ ಸಾಲನ್ನೂ ಓದಿಬಿಟ್ಟರು. "ಈಗ ನಮ್ಮೊಂದಿಗಿಲ್ಲ." ಓದಿದ ಮೇಲೆಯೇ ಏನು ಓದಿದೆನೆಂದು ಅವರಿಗೆ ತಿಳಿದದ್ದು.

ಅಜ್ಜಿ ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಹಂಗಾರೆ ನಾನ್ ಎಲ್ಲಿಗ್ ಹೋದೆ ರೈಟ್ರೆ?"

ಹಿಂದೆ ಯಾರೋ ಕಿಸಕ್ಕೆಂದರು. ಚಿಕ್ಕಪ್ಪ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ತಪ್ಪಾಯ್ತು ಅಜ್ಜಿ. ಕರಡು ನಾನೇ ನೋಡಿದ್ದು. ನಂದೇ ತಪ್ಪು" ಎಂದರು. ನಾನು ಬಾವುಟದ ಕಂಬದ ಹತ್ತಿರ ಬಾಯಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಂಡು ನಿಂತಿದ್ದೆ. ಬಾಯಿ ಬಿಡಲಿಲ್ಲ.

ಮರುದಿನ ಚಿಕ್ಕಪ್ಪ ಜಗಲಿಯಲ್ಲಿ ಕೂತು, ಇನ್ನೂರು ಪ್ರತಿಗಳಲ್ಲೂ ಆ ಸಾಲನ್ನು ಪೆನ್ನಿನಲ್ಲಿ ಹೊಡೆದುಹಾಕಿ "ಇಲ್ಲೇ ಇದ್ದಾರೆ" ಎಂದು ಬರೆದರು. ಮೊದಲ ಪುಟದ ನನ್ನ ಹೆಸರನ್ನೂ ಹೊಡೆದುಹಾಕಿದರು. ನನಗೆ ಯಾರ ಬೈಗುಳವೂ ತಾಗದಿರಲಿ ಎಂದು ಹಾಗೆ ಮಾಡಿದರು ಎಂದುಕೊಂಡೆ. ನಾಚಿಕೆಯಾಗಬೇಕಿತ್ತು, ಆದದ್ದು ನಿರಾಳ.

ನವರಾತ್ರಿಗೆ ಮೊದಲೇ ಅಜ್ಜಿ ಹೋಗಿಬಿಟ್ಟಳು. ಜ್ವರ, ಕೆಮ್ಮು, ನಾಲ್ಕೇ ದಿನ. ಅಚ್ಚಾದ ಸಾಲಿನಿಂದ ಯಾರೂ ಸಾಯುವುದಿಲ್ಲ, ಅಷ್ಟು ಬುದ್ಧಿ ನನಗಿದೆ. ಆದರೂ... ಮಣ್ಣು ಮಾಡುವಲ್ಲಿ ಅವಳ ಮಗ ಚಿಕ್ಕಪ್ಪನ ಕೈ ಹಿಡಿದುಕೊಂಡು, "ನೀವ್ ಬರ್ದಿದ್ದೇ ಸರಿ ಆತಲ್ಲ ರೈಟ್ರೆ" ಎಂದನಂತೆ. ಸಿಟ್ಟಿನಲ್ಲಿ ಹೇಳಿದ್ದಲ್ಲ, ಅಳುತ್ತಾ ಹೇಳಿದ್ದು. ಮನೆಯಲ್ಲಿ ಉಳಿದಿದ್ದ ಪ್ರತಿಗಳಲ್ಲಿ ಅವಳು ಇನ್ನೂ "ಇಲ್ಲೇ" ಇದ್ದಳು. ಮತ್ತೆ ಹೊಡೆದುಹಾಕಲು ಚಿಕ್ಕಪ್ಪನ ಕೈ ಏಳಲಿಲ್ಲ.

ಅದಾದ ಮೇಲೆ ಅವರು ಪುಸ್ತಕ ಮಾಡಲಿಲ್ಲ. ಮೊಳೆಯ ಪೆಟ್ಟಿಗೆಯ ಗೂಡುಗಳಲ್ಲಿ ಕುಂಬಾರಹುಳ ಮಣ್ಣು ಮೆತ್ತಿತು. ಚಿಕ್ಕಮ್ಮನೇ ಒಂದು ದಿನ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಒಂದು ಸಣ್ಣದಾದ್ರೂ ಮಾಡಿ ಮಾರಾಯ್ರೆ, ಮನೆ ಬಿಕೋ ಅಂತದೆ" ಎಂದರು. ಚಿಕ್ಕಪ್ಪ "ಆಯ್ತು, ನೋಡುವ" ಎಂದರು. ನೋಡಲಿಲ್ಲ. ಎರಡು ಸಾವಿರದ ಐದರ ಸುಮಾರಿಗೆ ತೀರಿಕೊಂಡರು.

ನಾನೀಗ ಚಿಕ್ಕಮಗಳೂರಿನಲ್ಲಿ ಶಾಲೆಯ ಮೇಡಂ. ಹಾಜರಿ ಕೂಗುವಾಗ ಯಾವುದಾದರೂ ಹೆಸರಿಗೆ ಉತ್ತರ ಬಾರದಿದ್ದರೆ ಆ ಅಜ್ಜಿಯ ದನಿಯೇ ಕೇಳಿಸುತ್ತದೆ, ನಾನ್ ಎಲ್ಲಿಗ್ ಹೋದೆ... ಮಕ್ಕಳಿಗೆ ಗೊತ್ತಾಗದ ಹಾಗೆ ಮುಂದಿನ ಹೆಸರಿಗೆ ಹೋಗುತ್ತೇನೆ.

ಚಿಕ್ಕಮ್ಮ ಈಗ ಇದೇ ಊರಿನಲ್ಲಿ ದೊಡ್ಡ ಮಗನ ಜೊತೆ ಇದ್ದಾರೆ. ಮೊನ್ನೆ ಸಂಜೆ ತಡೆಯಲಾರದೆ ಹೋದೆ. ಅವರು ಬೀನ್ಸ್ ನಾರು ತೆಗೆಯುತ್ತಿದ್ದರು. ನಾನೂ ಕೂತು, ಅಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. ಆ ಪುಟ ನಾನು ಓದಲೇ ಇಲ್ಲ ಚಿಕ್ಕಮ್ಮ, ಎಂದೆ.

ಅವರು ತಲೆ ಎತ್ತಲಿಲ್ಲ. "ಗೊತ್ತಿತ್ತು ಕಣೆ. ನೀನು ಕೊಟ್ಟ ಹಾಳೆ ಎರಡು ಥಂಡಿಗೆ ಅಂಟ್ಕೊಂಡು ಹಾಗೇ ಇತ್ತು. ಬಾವುಟದ ದಿನ ಸಂಜೆ ಕೂತು ಹಬೇಲಿ ಹಿಡಿದು ಬಿಡಿಸಿದ್ರು. ನಾನೇ ನೀರು ಕಾಸಿ ಕೊಟ್ಟಿದ್ದು. ಆ ಸಾಲು ಒಳಗಡೆನೇ ಇತ್ತು."

"ಮತ್ತೆ... ನನಗೆ ಯಾಕೆ ಹೇಳಲಿಲ್ಲ?"

"ಹೇಳ್ಬೇಡ ಅಂದಿದ್ರು. ಅವಳೇ ಹೇಳ್ತಾಳೆ, ನೋಡ್ತಿರು ಅಂದ್ರು."

ಚಿಕ್ಕಪ್ಪ ಇರುವವರೆಗೂ ಪ್ರತಿ ದೀಪಾವಳಿಗೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಹೊರಡುವ ದಿನ ಕಳಸದ ಬಸ್ ಸ್ಟ್ಯಾಂಡಿನವರೆಗೂ ಬಂದು, ನನ್ನನ್ನು ಸೀಟಿನಲ್ಲಿ ಕೂರಿಸಿ, ಕೆಳಗಿಳಿದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದರು. "ಮತ್ತೆಂತ ಮಗ?" ಎಂದು ಕೇಳಿ, ಕಂಡಕ್ಟರ್ ಸೀಟಿ ಊದುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದರು. ಎಂಟೊಂಬತ್ತು ದೀಪಾವಳಿಗಳು. ಒಂದು ಸಲವೂ ತಪ್ಪದೆ ನಾನು ಹೇಳಿದ್ದು ಇಷ್ಟೇ: "ಎಂತ ಇಲ್ಲ ಚಿಕ್ಕಪ್ಪ."