ಕಟ್ಟೆ ಇಳಿಯುವುದು

ನಾನು ಏಳನೇ ಕ್ಲಾಸಿನಲ್ಲಿದ್ದ ಆ ದಿನಗಳಲ್ಲಿ, ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ಹನಗೋಡು ಕಡೆಯ ನಮ್ಮ ಹಳ್ಳಿಗೆಲ್ಲ ಒಂದೇ ವಾಸನೆ. ಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸುವ ಬ್ಯಾರನ್‌ಗಳಿಂದ ಬರುವ ಆ ಸಿಹಿ ಘಾಟು ಬಟ್ಟೆಗೆ, ಮುದ್ದೆಗೆ, ತಲೆದಿಂಬಿಗೂ ಹತ್ತಿಕೊಳ್ಳುತ್ತಿತ್ತು. ಸೊಪ್ಪನ್ನು ಕಡ್ಡಿಗೆ ಕಟ್ಟಲು ಒಬ್ಬರ ಮನೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವರು. ಹುರುಳಿಕಾಳು ಬಸ್ಸಾರಿನ ಊಟ, ಜೊತೆಗೆ ದಿನವಿಡೀ ಹರಟೆ. ನನ್ನ ಅಜ್ಜಿಯಂತೂ ಊಟ ಬಿಟ್ಟಾಳು, ಮಾತು ಬಿಡಳು.

ಆ ವರ್ಷ ಸಮಾಜ ಪಾಠದಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಬಂದಿತ್ತು. ಕಾನೂನು ಮಾಡುವವರು ಬೇರೆ, ಅದನ್ನು ನಡೆಸುವವರು ಬೇರೆ, ನ್ಯಾಯ ಹೇಳುವವರು ಬೇರೆ. ಒಬ್ಬರು ಮಿತಿ ಮೀರಿದರೆ ಇನ್ನೊಬ್ಬರು ತಡೆಯುತ್ತಾರೆ ಎಂದು ಜಗಲಿಯಲ್ಲಿ ಕೂತು ಉರು ಹೊಡೆಯುತ್ತಿದ್ದೆ.

“ಇದೇನವ್ವ ವೊಸಾದು?” ಎಂದಳು ಅಜ್ಜಿ. “ನಮ್ಮೂರಲ್ಲಿ ಕಟ್ಟೆ ಇಳಿಯೋದು ಅಂತೀವಲ್ಲ, ಅದೇಯ.”

ಊರ ನಡುವಿನ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವನು ಯಜಮಾನ. ಆದರೆ ಅವನ ಮನೆಯದೇ ತಕರಾರು ಬಂದರೆ ಅವನು ಕೆಳಗಿಳಿದು ಎಲ್ಲರಂತೆ ನೆಲದ ಮೇಲೆ ನಿಲ್ಲಬೇಕು. ಆಗ ಬೇರೆ ಹಿರಿಯರು ಮಾತು ಹೇಳುವರು. ಹಿಂದಿನ ಯಜಮಾನನ ಎತ್ತುಗಳು ಯಾರದೋ ರಾಗಿ ಮೇಯ್ದಾಗ ಅವನು ಹಾಗೆ ಇಳಿದು, ಕೈಕಟ್ಟಿ ನಿಂತು, ದಂಡ ತೆತ್ತದ್ದನ್ನು ಅಜ್ಜಿ ನೋಡಿದ್ದಳಂತೆ.

ನಾನು ಹೇಳುತ್ತಿರುವ ಕಾಲಕ್ಕೆ ಅವನ ಮಗನೇ ಯಜಮಾನ. ನಾವು ಹೊಲಕ್ಕೆ ಹೋಗುವ ಗಾಡಿದಾರಿಗೆ ಅಡ್ಡಲಾಗಿ ಅವನು ಹೊಸ ಬ್ಯಾರನ್ ಕಟ್ಟಿಸಿದ. ಅಪ್ಪ ಕಟ್ಟೆಯ ಮುಂದೆ ದೂರು ಇಟ್ಟ.

“ಅಲ್ಲಿ ದಾರಿನೇ ಇರ್ನಿಲ್ಲ,” ಎಂದ ಯಜಮಾನ, ಕೂತಲ್ಲಿಂದಲೇ.

ಹಿಂದೆ ನಿಂತಿದ್ದ ಅಜ್ಜಿ ಮುಂದೆ ಬಂದಳು. “ಇದು ನಿನ್ ಮನೆ ಇಸ್ಯ ಕಣಪ್ಪ. ಕಟ್ಟೆ ಇಳಿ. ನಿಮ್ಮಪ್ಪ ಇಳ್ದಿದ್ದ.”

ಯಜಮಾನ ಬಾಯಲ್ಲಿದ್ದ ಎಲೆಅಡಿಕೆ ಉಗಿದ. “ಎಂಗಸ್ರು ನ್ಯಾಯದಲ್ಲಿ ಬಾಯಾಕಂಗಿಲ್ಲ. ಇವತ್ತಿಂದ ಇದು ಊರ ಕಟ್ಲೆ. ಈವಮ್ಮ ಬಾಯಾಕಿದ್ದು ತಪ್ಪು. ಆ ಮನೇವ್ರತ್ರ ಯಾರೂ ಮಾತಾಡ್ಕೂಡ್ದು, ಮಾತಾಡಿದ್ರೆ ದಂಡ.”

ಕಾನೂನು, ತೀರ್ಪು, ಶಿಕ್ಷೆ ಮೂರೂ ಒಂದೇ ಬಾಯಿಂದ ಒಂದೇ ಉಸಿರಿಗೆ ಬಂದವು. ನನ್ನ ಪುಸ್ತಕದಲ್ಲಿ ಅವಕ್ಕೆ ಮೂರು ಬೇರೆ ಬೇರೆ ಪಾಠಗಳಿದ್ದವು.

ಮಾರನೆಯ ದಿನದಿಂದ ಮುಯ್ಯಾಳು ಬರಲಿಲ್ಲ. ಸೊಪ್ಪು ಹೊಲದಲ್ಲೇ ಒಣಗಿತು. ದಿನಾ ನನ್ನ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದ ಶೋಭ ನನ್ನನ್ನು ಕಂಡರೆ ತಲೆ ತಗ್ಗಿಸಿಕೊಂಡು ಓಡುತ್ತಿದ್ದಳು. ನನಗೆ ಅವಳ ಮೇಲೆ ಬಂದಷ್ಟು ಸಿಟ್ಟು ಯಜಮಾನನ ಮೇಲೂ ಬರಲಿಲ್ಲ. ಅಜ್ಜಿ ಮಾತ್ರ ಜಗಲಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ “ಊಟ ಆಯ್ತೇನವ್ವ?” ಎಂದು ಕೇಳುತ್ತಲೇ ಇದ್ದಳು. ಒಬ್ಬರೂ ತಿರುಗಿ ನೋಡಲಿಲ್ಲ. ಕೆಲವು ದಿನ ಕೋಳಿಗಳನ್ನು ಬೈದುಕೊಂಡಿದ್ದಳು. ಆಮೇಲೆ ಅದನ್ನೂ ಬಿಟ್ಟಳು.

ಸೊಪ್ಪು ಹೋದದ್ದಕ್ಕೆ ಹೆದರದ ಅಪ್ಪ ಈ ಮೌನಕ್ಕೆ ಹೆದರಿದ. “ಊರೋರತ್ರ ಒಂದ್ ಮಾತೂ ಆಡ್ದಂಗೆ ನಮ್ಮವ್ವ ಸಾಯ್ಬಾರ್ದು ಕಣೆ,” ಎಂದು ಅಮ್ಮನಿಗೆ ಹೇಳಿ, ಕೋರ್ಟಿಗೂ ಹೋದ, ತಾಲ್ಲೂಕು ಕಚೇರಿಗೂ ಅಲೆದ. ಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಬಿತ್ತು. ಕಚೇರಿಯಿಂದ ಸಾಹೇಬರು ಪೊಲೀಸರೊಡನೆ ಜೀಪಿನಲ್ಲಿ ಬಂದರು. ಶಾಂತಿ ಸಭೆಯಂತೆ. ಸಾಹೇಬರು ಸೀದಾ ಕಟ್ಟೆ ಹತ್ತಿ ಯಜಮಾನನ ಪಕ್ಕದಲ್ಲಿ ಕೂತು, ಅವನ ಮನೆಯ ಕಾಫಿ ಕುಡಿದು, “ಎಲ್ರೂ ಅಣ್ಣತಮ್ಮಂದಿರ ಥರ ಇರ್ಬೇಕು ಕಣ್ರಪ್ಪ,” ಎಂದು ಹೇಳಿ ಹೊರಟುಹೋದರು.

ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅವ್ರೂ ಕಟ್ಟೆ ಅತ್ಬುಟ್ರಲ್ಲ ಮಗಾ,” ಎಂದಳು. “ಇನ್ಯಾರು ಇಳಿಸ್ತಾರೆ?”

ಅದು ಅವಳ ಕೊನೆಯ ಮಾತೇನೂ ಅಲ್ಲ. ಆದರೆ ಆಮೇಲೆ ಆಡಿದ್ದೆಲ್ಲ ನೀರು, ಕಂಬಳಿ, ಸಾಕು ಎನ್ನುವಂಥವೇ. ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ತಮಟೆಯವರೂ ಬರಲಿಲ್ಲ. ಗುಂಡಿಯನ್ನು ಅಪ್ಪನೇ ತೋಡಿದ. ಎಚ್.ಡಿ. ಕೋಟೆಯಿಂದ ಸೋದರಮಾವ ತನ್ನ ಮಗನನ್ನು ಕರೆದುಕೊಂಡು ಬಂದ. ಚಟ್ಟಕ್ಕೆ ನಾಲ್ಕು ಹೆಗಲು ಬೇಕು, ಇದ್ದದ್ದು ಮೂರು. ಅಪ್ಪ ಬೀದಿಯ ಕಡೆ ಒಮ್ಮೆ ನೋಡಿದ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾಲ್ಕನೆಯ ಹೆಗಲು ಕೊಟ್ಟಳು. ಮುಚ್ಚಿದ ಬಾಗಿಲುಗಳ ಮುಂದೆ ನಾವು ನಡೆದೆವು. ಆ ಊರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಕೋರ್ಟು ಬ್ಯಾರನ್ ತೆಗೆಸಿ ದಾರಿ ಬಿಡಿಸಿತು, ಎರಡು ವರ್ಷ ಬಿಟ್ಟು. ಬಹಿಷ್ಕಾರವೂ ತಾನಾಗಿ ಸಡಿಲವಾಯಿತು. ಈಗ ಊರಿಗೆ ಹೋದರೆ ಎಲ್ಲರೂ ಮಾತಾಡಿಸುತ್ತಾರೆ. ಕಟ್ಟೆಗೆ ಗ್ರಾನೈಟ್ ಹಾಕಿದ್ದಾರೆ, ಅದರ ಮೇಲೆ ಯಜಮಾನನ ಮಗ ಕೂರುತ್ತಾನೆ.

ಹೋದ ಸಲ ಶೋಭ ಸಿಕ್ಕಿದ್ದಳು. “ಅವತ್ತು ನಾನು, ನಮ್ಮವ್ವ ಬಾಗ್ಲು ಸಂದಿಲಿ ನೋಡ್ತಿದ್ದೋ ಕಣೆ. ನಮ್ಮವ್ವ ಒಂದೇ ಸಮ ಅಳ್ತಿತ್ತು,” ಎಂದಳು.

ನಾನು ಕೇಳಿದೆ: “ಈಗ್ಲಾದ್ರೂ ಯಜಮಾನಂಗೆ ಕಟ್ಟೆ ಇಳಿ ಅನ್ನೋರು ಯಾರಾದ್ರೂ ಇದಾರೇನೆ?”

ಶೋಭ ನನ್ನ ಮುಖವನ್ನೇ ನೋಡಿದಳು.

“ಕಟ್ಟೆ ಇಳಿಯೋದಾ? ಅಂಗಂದ್ರೇನೆ?”