ಮೂಲೆ ಕೆರೆಯುವುದು ಕುಣಿತವಲ್ಲ

ಹಲ್ಲಿನ ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲಿ ಜನ ನಗುತ್ತಿದ್ದರು. ಗೋಡೆ ಪಕ್ಕದ ಮೇಜಿನ ಮೇಲೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪಂಜರ. ಅದರೊಳಗೆ ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಪ್ರಾಣಿಯೊಂದು ಎರಡೂ ಮುಂಗಾಲಿನಿಂದ ಮೂಲೆಯನ್ನು ಪರಪರ ಕೆರೆಯುತ್ತಿತ್ತು. ಒಂದು ಗಳಿಗೆ ನಿಲ್ಲಿಸುತ್ತಿತ್ತು, ಮತ್ತೆ ಅದೇ ಮೂಲೆ, ಅದೇ ಕೆರೆತ. ಒಬ್ಬ ತಾಯಿ ಫೋನ್ ಎತ್ತಿ ಹಿಡಿದು ಮಗಳಿಗೆ ಹೇಳಿದರು, "ನೋಡು ಪುಟ್ಟಿ, ನಿನಗೋಸ್ಕರ ಡ್ಯಾನ್ಸ್ ಮಾಡ್ತಿದೆ. ಇನ್ನು ಅಳಬಾರದು."

ಡ್ಯಾನ್ಸಂತೆ. ನೆಲ ತೋಡಿ, ಸುರಂಗ ಕೊರೆದು, ಅದರೊಳಗೆ ಸಂಸಾರ ಮಾಡುವ ಜೀವಕ್ಕೆ ತೋಡಲು ಒಂದು ಹಿಡಿ ಮಣ್ಣೂ ಇಲ್ಲದಂತೆ ಮಾಡಿದರೆ ಅದು ಪ್ಲಾಸ್ಟಿಕ್ಕನ್ನೇ ತೋಡುತ್ತದೆ. ಹೊರಗಿನಿಂದ ಚಿಲಕ ಹಾಕಿಸಿಕೊಂಡವನು ಬಾಗಿಲು ಬಡಿಯುತ್ತಿದ್ದರೆ, ಆಹಾ ಎಷ್ಟು ಚೆನ್ನಾಗಿ ತಾಳ ಹಾಕುತ್ತಾನೆ ಎಂದು ತಲೆದೂಗಿದ ಹಾಗಾಯಿತು ಇದು.

ಆ ಪ್ರಾಣಿಯ ಹೆಸರು ಜರ್ಬಿಲ್. ಇಲಿಯ ದಾಯಾದಿ, ಮರಳುಗಾಡಿನ ಕಡೆಯದು. ಬಾಲದ ತುದಿಯಲ್ಲಿ ಕೂದಲಿನ ಕುಚ್ಚು, ಹೆದರಿದಾಗ ಹಿಂಗಾಲಿನಿಂದ ನೆಲ ಬಡಿಯುವ ಅಭ್ಯಾಸ. ಆ ಪಂಜರದಲ್ಲಿ ಇಂಥವು ಎರಡಿದ್ದವು, ಅಕ್ಕತಂಗಿಯರು. ಅವುಗಳ ಕಥೆ ಹೇಳಬೇಕಾದರೆ ನನ್ನ ದೊಡ್ಡಮ್ಮನ ಮಗಳ ಕಥೆ ಹೇಳಬೇಕು.

ಅವಳು ಆ ಕ್ಲಿನಿಕ್ಕಿನಲ್ಲಿ ಮಕ್ಕಳ ಹಲ್ಲಿನ ಡಾಕ್ಟರು. ಮನೆಯಲ್ಲಿ ಎಲ್ಲರಿಗೂ ಸ್ಪಿರಿಟ್ ಅಕ್ಕ. ಡಾಕ್ಟರಾದ ಮೇಲೆ ಬಂದ ಹೆಸರಲ್ಲ ಅದು. ಚಿಕ್ಕಂದಿನಲ್ಲೇ ಸೋಪನ್ನು ಮೊದಲು ತೊಳೆದು, ಆಮೇಲೆ ಅದರಿಂದ ಕೈ ತೊಳೆಯುತ್ತಿದ್ದವಳು. ಯಾರಾದರೂ ಪೆನ್ಸಿಲ್ ಕೇಳಿದರೆ ಇಲ್ಲ ಅನ್ನುತ್ತಿರಲಿಲ್ಲ, ವಾಪಸ್ ಬಂದ ಮೇಲೆ ಸ್ಪಿರಿಟ್ ಹಾಕಿ ಒರೆಸಿ ಬಿಸಿಲಿಗಿಡುತ್ತಿದ್ದಳು. ಅವಳ ಗಂಡ ತುಂಬ ಸಾಧು ಮನುಷ್ಯ. "ನನ್ನನ್ನೂ ಮದುವೆಗೆ ಮುಂಚೆ ಒಂದ್ಸಲ ಕುದಿಸಿ ತಗೊಂಡಿದ್ದಾಳೆ" ಎಂದು ಹೇಳಿ ತಾನೇ ನಗುತ್ತಾನೆ. ಅಕ್ಕ ನಗುವುದಿಲ್ಲ. ಅವಳ ಕೈಯಲ್ಲಿ ಹಲ್ಲು ಕೀಳಿಸಿಕೊಂಡ ಮಗುವಿಗೆ ಒಂದು ದಿನವೂ ಕೀವು ಆಗಿಲ್ಲ ಎನ್ನುವುದು ಅವಳ ಜೀವನದ ಹೆಮ್ಮೆ. ಬೇರೆ ಹೆಮ್ಮೆಗಳಿಗೆ ಅವಳು ಪುರುಸೊತ್ತು ಮಾಡಿಕೊಂಡವಳಲ್ಲ.

ಕ್ಲಿನಿಕ್ಕು ಅವಳದಲ್ಲ. ಗಂಡನ ಅಣ್ಣನದು. ಆತ ಡಾಕ್ಟರಲ್ಲ. ಬಣ್ಣ, ಬೋರ್ಡು, ಲೈಟು, ಜಾಹೀರಾತು ನೋಡಿಕೊಳ್ಳುವ ಯಜಮಾನರು. ಮಕ್ಕಳು ಅಳುತ್ತಾರೆ, ಅಳುವುದು ಬೀದಿಗೆ ಕೇಳುತ್ತದೆ ಎಂದು ಅವರಿಗೆ ಚಿಂತೆ. ಒಂದು ದಿನ ಸಾಕುಪ್ರಾಣಿ ಅಂಗಡಿಯಿಂದ ಆ ಗುಲಾಬಿ ಪಂಜರವನ್ನೂ ಜರ್ಬಿಲ್‌ಗಳನ್ನೂ ತಂದು ಮೇಜಿನ ಮೇಲಿಟ್ಟರು. ಪಂಜರದ ತಳ ತಂತಿಯ ಬಲೆ, ಒಳಗಿನ ಚಕ್ರವೂ ಬರೀ ತಂತಿ. ಮಲಗಲು ಗೇಣಗಲದ ಪ್ಲಾಸ್ಟಿಕ್ ಮನೆ, ಹಾಸಲು ಒಂದು ಮುಷ್ಟಿ ಹತ್ತಿ. ಪೆಟ್ಟಿಗೆಯ ಮೇಲೆ ನಗುತ್ತಿರುವ ಇಲಿಯ ಚಿತ್ರ. ಆ ಚಿತ್ರ ಬರೆದವನು ಒಂದು ದಿನ ತಂತಿಯ ಮೇಲೆ ಬರಿಗಾಲಲ್ಲಿ ನಿಂತು ನಗಲಿ, ನೋಡೋಣ.

ಒಂದು ವಾರವೂ ಆಗಿರಲಿಲ್ಲ, ಚಕ್ರದ ತಂತಿಗಳ ನಡುವೆ ಒಂದರ ಬಾಲ ಸಿಕ್ಕಿಕೊಂಡಿತು. ಜರ್ಬಿಲ್‌ನ ಬಾಲದ ಚರ್ಮ ಕೈಗವಸಿನ ಹಾಗೆ, ಎಳೆದರೆ ಸುಲಿದು ಬರುತ್ತದೆ, ಮತ್ತೆ ಬೆಳೆಯುವುದಿಲ್ಲ. ಹಾಗೆ ಒಂದಕ್ಕೆ ಕುಚ್ಚು ಉಳಿಯಿತು, ಇನ್ನೊಂದು ಮೋಟಾಯಿತು. ಬಂದ ಮಕ್ಕಳೇ ಕುಚ್ಚಿ, ಮೋಟಿ ಎಂದು ಹೆಸರಿಟ್ಟರು. ಅಕ್ಕ ಗಾಯಕ್ಕೆ ಔಷಧಿ ಹಚ್ಚಿ, ಚಕ್ರವನ್ನು ಕಿತ್ತು ತನ್ನ ಡ್ರಾಯರಿನಲ್ಲಿ ಹಾಕಿಕೊಂಡಳು.

"ಚಕ್ರ ಎಲ್ಲಿ?" ಎಂದರು ಯಜಮಾನರು.

"ಬಾಲ ಎಲ್ಲಿ ಅಂತ ಕೇಳಿ ಭಾವ, ಆಮೇಲೆ ಚಕ್ರದ ವಿಷಯ."

ಅಲ್ಲಿಗೆ ಅವುಗಳ ಜವಾಬ್ದಾರಿ ಅವಳ ತಲೆಗೆ ಬಂತು. ಅವಳು ಅದನ್ನು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹೊತ್ತಳು. ದಿನಾ ಬೆಳಗ್ಗೆ ಕುಚ್ಚಿಯನ್ನೊಂದು ಸ್ಟೀಲ್ ಟ್ರೇಯಲ್ಲಿ, ಮೋಟಿಯನ್ನೊಂದು ಟ್ರೇಯಲ್ಲಿ ಬೇರೆ ಬೇರೆ ಕೂರಿಸಿ, ಪಂಜರವನ್ನು ಕ್ರಿಮಿನಾಶಕ ಹಾಕಿ ತಿಕ್ಕಿ, ಬಿಸಿನೀರಲ್ಲಿ ತೊಳೆದು, ಒಣಗಿಸಿ, ಹೊಸ ಹತ್ತಿ ಹಾಸುತ್ತಿದ್ದಳು. ಇಕ್ಕಳ, ಕನ್ನಡಿ, ಸೂಜಿಗಳಿಗೆ ಏನು ಮರ್ಯಾದೆಯೋ ಇವಕ್ಕೂ ಅದೇ. ಪಂಜರ ಹಲ್ಲಿನಂತೆ ಹೊಳೆಯಿತು.

ಒಳಗಿದ್ದವರು ಹೊಡೆದಾಡತೊಡಗಿದರು. ಮೊದಮೊದಲು ತಳ್ಳಾಟ. ಆಮೇಲೆ ಎರಡೂ ಉಂಡೆ ಕಟ್ಟಿಕೊಂಡು ಉರುಳಾಡಿ ಕಚ್ಚಿದವು. ಒಂದು ಬೆಳಗ್ಗೆ ಬಿಳಿ ಹತ್ತಿಯೆಲ್ಲ ಕೆಂಪಾಗಿತ್ತು.

"ಜಗಳಗಂಟಿ ಜಾತಿ. ವಾಪಸ್ ಕೊಟ್ಟುಬಿಡೋಣ" ಎಂದರು ಯಜಮಾನರು.

ಅಕ್ಕ ಎರಡನ್ನೂ ತೆಗೆದುಕೊಂಡು ಅಂಗಡಿಗೇ ಹೋಗಿ ವಿಚಾರಿಸಿದಳು. ಅಂಗಡಿಯವನು ಮೋಟಿಯ ಬಾಲ ನೋಡಿ ಮೂಗು ಮುರಿದ. "ತಗೋತೀವಿ ಮೇಡಂ. ಆದರೆ ಇಂಥದ್ದನ್ನ ಷೋಕೇಸಲ್ಲಿ ಇಡೋಕಾಗಲ್ಲ. ಹಾವು ಸಾಕೋರು ಇದ್ದಾರಲ್ಲ, ಅವರು ಒಯ್ತಾರೆ."

ಎಷ್ಟು ತಣ್ಣಗೆ ಹೇಳಿದ ಅಂತೀರಿ. ತೊಡಕಿನ ತಂತಿಯ ಚಕ್ರ ಮಾರುವವನೂ ಇವನೇ, ಆ ತಂತಿಗೆ ಸಿಕ್ಕಿ ಹಾಳಾದದ್ದನ್ನು ಹಾವಿನ ಊಟದ ಲೆಕ್ಕಕ್ಕೆ ಹಾಕುವವನೂ ಇವನೇ. ಎರಡೂ ಕಡೆ ವ್ಯಾಪಾರ. ಅಕ್ಕ ಅವನ ಹತ್ತಿರ ಮಾತು ಬೆಳೆಸಲಿಲ್ಲ. ಎರಡನ್ನೂ ಎತ್ತಿಕೊಂಡು ಸೀದಾ ಪಶುವೈದ್ಯರ ಹತ್ತಿರ ಹೋದಳು.

ಆ ಪಶುವೈದ್ಯರು ವಯಸ್ಸಾದವರು, ಮಾತು ಕಮ್ಮಿ. ಗಾಯ ನೋಡಿದರು, ಪ್ರಾಣಿಗಳನ್ನು ಮೂಸಿದರು, ಆಮೇಲೆ ಅಕ್ಕನ ಕೈಯನ್ನು ಮೂಸಿದರು.

"ದಿನಾ ತೊಳೀತೀರಾ?"

"ದಿನಾ," ಎಂದಳು ಅಕ್ಕ, ಮೆಚ್ಚುಗೆ ಬರುತ್ತದೆ ಎಂದುಕೊಂಡು.

"ಅದಕ್ಕೇ ಈ ರಕ್ತ. ಇವು ಒಂದನ್ನೊಂದು ಗುರುತು ಹಿಡಿಯೋದು ವಾಸನೆಯಿಂದ, ಡಾಕ್ಟ್ರೇ. ಮನೆ ನಮ್ಮದು ಅಂತ ತಿಳಿಯೋದೂ ವಾಸನೆಯಿಂದಲೇ. ನೀವು ಬೆಳಗಾದ್ರೆ ಅಕ್ಕನ ವಾಸನೆ ಅಳಿಸ್ತೀರಿ, ತಂಗಿಯ ವಾಸನೆ ಅಳಿಸ್ತೀರಿ, ಮನೆಯ ವಾಸನೆಯನ್ನೂ ಅಳಿಸ್ತೀರಿ. ಸಂಜೆ ಹೊತ್ತಿಗೆ ಯಾರೋ ಕಳ್ಳಿ ನುಗ್ಗಿದಾಳೆ ಅಂತ ಒಬ್ಬರನ್ನೊಬ್ಬರು ಹೊಡೀತಾರೆ. ಪಾಪ, ಅವರ ತಪ್ಪೇನು?"

ಅಕ್ಕ ಅವತ್ತು ಮನೆಗೆ ಬಂದು ಊಟಕ್ಕೂ ಏಳದೆ ಕೂತಿದ್ದಳು. ಮಕ್ಕಳ ಬಾಯಿಯನ್ನು ಕಾಪಾಡಿದ ಗುಣವೇ ಇವುಗಳ ಮೈ ಹರಿದಿತ್ತು. ಜೀವಮಾನವೆಲ್ಲ ನೆಚ್ಚಿಕೊಂಡದ್ದು ಕೈಕೊಟ್ಟರೆ ಯಾರಿಗಾದರೂ ಕಷ್ಟವೇ. ಆದರೆ ಒಂದು ಮಾತು. ಅವಳು ತಪ್ಪು ಮಾಡಿದಳು, ಹೋಗಿ ಕೇಳಿದಳು, ತಿದ್ದಿಕೊಂಡಳು. ಪೆಟ್ಟಿಗೆಯ ಮೇಲೆ ನಗುವ ಇಲಿ ಬರೆಸಿ, ಒಳಗೆ ತಂತಿ ತುಂಬಿ ಮಾರಿದವರು ಇವತ್ತಿಗೂ ಏನನ್ನೂ ತಿದ್ದಿಕೊಂಡಿಲ್ಲ.

ಮಾರನೆಯ ದಿನ ಅವಳ ಗಂಡ ಅಟ್ಟದಿಂದ ಹಳೆಯ ಮೀನಿನ ತೊಟ್ಟಿ ಇಳಿಸಿದ. ಅಗಲವಾದ ಗಾಜಿನ ತೊಟ್ಟಿ, ಒಂದು ದೊಡ್ಡ ಸೂಟ್‌ಕೇಸಿನಷ್ಟು. ಪಶುವೈದ್ಯರು ಹೇಳಿದ ಹಾಗೆ ನಡುವೆ ಸಣ್ಣ ಕಣ್ಣಿನ ಬಲೆಯನ್ನು ಅಡ್ಡಗೋಡೆಯಾಗಿ ನಿಲ್ಲಿಸಿದರು. ಒಂದು ಕಡೆ ಕುಚ್ಚಿ, ಇನ್ನೊಂದು ಕಡೆ ಮೋಟಿ. ದಿನಕ್ಕೆ ಹಲವು ಸಲ ಇಬ್ಬರ ಜಾಗ ಅದಲುಬದಲು ಮಾಡಬೇಕು, ಆಕೆ ಮಲಗಿದ್ದ ಕಡೆ ಈಕೆ, ಈಕೆ ಉಚ್ಚೆ ಹೊಯ್ದ ಕಡೆ ಆಕೆ. ಒಬ್ಬರ ವಾಸನೆ ಇನ್ನೊಬ್ಬರಿಗೆ ಹತ್ತಿ, ಎರಡೂ ಕಲೆತು ಒಂದೇ ಮನೆಯ ವಾಸನೆಯಾಗುವ ತನಕ ತೊಳೆಯುವಂತಿಲ್ಲ, ಒರೆಸುವಂತಿಲ್ಲ.

ಸ್ಪಿರಿಟ್ ಅಕ್ಕನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಯಾವ ಕೋರ್ಟೂ ಕೊಡಲಾರದು. ತೊಟ್ಟಿಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದಳು. ಬಟ್ಟೆ ಹಿಡಿದ ಕೈ ತಾನಾಗಿ ಮುಂದೆ ಹೋಗುತ್ತಿತ್ತು, ಎಳೆದುಕೊಳ್ಳುತ್ತಿದ್ದಳು. "ಒಂದೇ ಒಂದು ಮೂಲೆ ಒರೆಸ್ಲಾ?" ಎಂದು ಗಂಡನನ್ನು ಕೇಳಿದಳಂತೆ. ಆತ, "ನನ್ನನ್ನ ಒರೆಸು ಬೇಕಾದ್ರೆ" ಎಂದನಂತೆ.

ಕೊನೆಗೆ ಒಂದು ಮಧ್ಯಾಹ್ನ, ದಪ್ಪ ಕೈಗವಸು ಹಾಕಿಕೊಂಡು ಬಲೆ ತೆಗೆದಳು. ಹೊಡೆದಾಡಿದರೆ ಬಿಡಿಸಬೇಕಲ್ಲ. ಕುಚ್ಚಿ ಮೋಟಿಯ ಮೂತಿ ಮೂಸಿತು, ಕಿವಿ ಮೂಸಿತು, ಆಮೇಲೆ ತಲೆ ತಗ್ಗಿಸಿ ನಿಂತಿತು. ಮೋಟಿ ಅದರ ತಲೆ ನೆಕ್ಕಿತು. ಅಕ್ಕ ಕೈಗವಸು ತೆಗೆಯುವುದನ್ನೂ ಮರೆತು ಕಣ್ಣು ಒರೆಸಿಕೊಂಡಳು. ಅದೂ ಬರೀ ಕೊಳೆಯಾಗಿದ್ದ ಕೈಗವಸು.

ಅನಂತರ ಆ ತೊಟ್ಟಿ ನಿಜವಾದ ಮನೆಯಾಯಿತು. ಮರದ ಹೊಟ್ಟು, ಒಣಹುಲ್ಲು, ಕಾಗದದ ಚೂರು ಬೆರೆಸಿ, ಪದರ ಪದರವಾಗಿ ಹಾಸಿ, ಅಂಗೈಯಿಂದ ಒತ್ತಿ ಒತ್ತಿ ತೊಟ್ಟಿಯ ಅರ್ಧಕ್ಕಿಂತ ಮೇಲೆ ತುಂಬಿದಳು. ಒತ್ತದಿದ್ದರೆ ಸುರಂಗ ಕುಸಿಯುತ್ತದೆ. ನಡುವೆ ರಟ್ಟಿನ ಕೊಳವೆ ಹೂತಳು. ಮೈ ಹೊರಳಿಸಲು ಒಂದು ಬಟ್ಟಲು ಮರಳು. ಓಡಲು ಸಂದಿಲ್ಲದ, ಬಾಲ ಸಿಕ್ಕದ ದೊಡ್ಡ ಮರದ ಚಕ್ರ. ಗೂಡಿಗೆಂದು ಒಂದು ಮಣ್ಣಿನ ಕುಡಿಕೆ, ಅದರ ಭಾರಕ್ಕೆ ಕೆಳಗಿನ ಬಿಲ ಕುಸಿದು ಅವು ಹೂತುಹೋಗದಿರಲಿ ಎಂದು ಅದನ್ನು ತೊಟ್ಟಿಯ ತಳಕ್ಕೇ ಊರಿದಳು. ಪ್ಲಾಸ್ಟಿಕ್ ಒಂದೂ ಇಲ್ಲ, ಕಡಿದು ನುಂಗುತ್ತವೆ. ಮೇಲೆ ಗಾಳಿಯಾಡುವ ಬಲೆಯ ಮುಚ್ಚಳ, ಅದಕ್ಕೆ ಕ್ಲಿಪ್ಪು. ಕ್ಲಿನಿಕ್ಕಿನ ಕೈಗವಸಿನ ಖಾಲಿ ರಟ್ಟಿನ ಡಬ್ಬ ಹಾಕಿದರೆ ಸಂಜೆಯೊಳಗೆ ಅದು ಚೂರಾಗಿ ಹಾಸಿಗೆ ಸೇರುತ್ತಿತ್ತು. ತೊಟ್ಟಿಯನ್ನು ಕ್ಲಿನಿಕ್ಕಿನ ಕಾಯುವ ಕೋಣೆಯಲ್ಲೇ, ಬಿಸಿಲು ಬೀಳುವ ಕಿಟಕಿಯಿಂದ ದೂರ, ಹಲ್ಲು ಕೊರೆಯುವ ಯಂತ್ರದ ಗೋಡೆಯಿಂದಲೂ ದೂರ ಇಟ್ಟಳು. ಆ ಕೀರಲು ಸದ್ದು ನಮಗೇ ತಡೆಯಲಾಗದು, ಅವುಗಳ ಕಿವಿ ನಮ್ಮದಕ್ಕಿಂತ ಚುರುಕು.

ಎರಡೂ ತೋಡಿದವು. ತೋಡಿ ತೋಡಿ ಒಳಗೆ ಹೋದವು. ಹಗಲೆಲ್ಲ ಮೇಲೆ ಏನೂ ಕಾಣದು. ಒಮ್ಮೊಮ್ಮೆ ಹುಲ್ಲು ಅಲುಗುತ್ತದೆ, ಒಂದು ಮೂತಿ ಹೊರಬಂದು ಗಾಳಿ ಮೂಸಿ ಒಳಗೆ ಹೋಗುತ್ತದೆ, ಅಷ್ಟೇ. ಮೂಲೆ ಕೆರೆಯುವುದು ಬಹುಮಟ್ಟಿಗೆ ನಿಂತಿತು.

ಯಜಮಾನರಿಗೆ ಸಿಟ್ಟು ಬಂತು. "ಏನಮ್ಮಾ ಇದು? ಜನಕ್ಕೆ ಹೊಟ್ಟು ತೋರಿಸೋಕೆ ಇಟ್ಟಿದ್ದೀಯಾ? ಪೇಷೆಂಟ್‌ಗಳು ಕೇಳ್ತಾರೆ, ಡ್ಯಾನ್ಸ್ ಮಾಡೋ ಇಲಿ ಎಲ್ಲಿ ಹೋಯ್ತು ಅಂತ."

"ಮನೇಲಿದೆ ಅಂತ ಹೇಳಿ ಭಾವ."

"ಕಾಣದೆ ಇರೋದಕ್ಕೆ ನಾನ್ಯಾಕೆ ಅನ್ನ ಹಾಕ್ಲಿ? ಕಾಣೋ ಹಾಗಿರಬೇಕು. ಇಲ್ಲಾಂದ್ರೆ ಅಂಗಡಿಗೆ ಹೋಗಬೇಕು."

ಅಂಗಡಿ ಎಂದರೆ ಹಾವು ಎಂದು ಅಕ್ಕನಿಗೆ ಗೊತ್ತಿತ್ತು. ಯಜಮಾನರಿಗೂ ಗೊತ್ತಿತ್ತು, ಅವಳೇ ಹೇಳಿದ್ದಳು. ಮದುವೆಯಾಗಿ ಬಂದಾಗಿನಿಂದ ಆ ಕುಟುಂಬದಲ್ಲಿ ಅವರು ತೀರ್ಮಾನ ಹೇಳಿದ ಮೇಲೆ ಎದುರು ಮಾತು ಇರಲಿಲ್ಲ. ಅವಳು ಮುಂದಿನ ಪೇಷೆಂಟನ್ನು ಒಳಗೆ ಕರೆದಳು. ಅದೇ ವಾರ ಅವಳು ಒಂದು ಸಭೆಗೆಂದು ಹೊರಗೆ ಹೋದ ದಿನ, ಯಜಮಾನರು ಕಸ ಗುಡಿಸುವಾಕೆಯ ಕೈಯಲ್ಲಿ ತೊಟ್ಟಿಯ ಹೊಟ್ಟನ್ನೆಲ್ಲ ಬಾಚಿಸಿ ಚೀಲಕ್ಕೆ ತುಂಬಿಸಿದರು. ಸುರಂಗ, ಗೂಡು, ಕೂಡಿಟ್ಟ ಕಾಳು, ಅಷ್ಟು ಕಷ್ಟಪಟ್ಟು ಬೆಳೆಸಿದ ಆ ಒಂದು ಮನೆಯ ವಾಸನೆ, ಎಲ್ಲ ಚೀಲದೊಳಗೆ. ತಳಕ್ಕೆ ತೆಳ್ಳಗೆ ಒಂದು ಪದರ ಬಿಟ್ಟು, ಗಾಜನ್ನು ಸ್ಪಿರಿಟ್ ಹಾಕಿ ಒರೆಸಿಸಿದರು. ಅವಳದೇ ಸ್ಪಿರಿಟ್.

ಅಕ್ಕ ವಾಪಸ್ ಬಂದಾಗ ಜನ ನಗುತ್ತಿದ್ದರು. ಕುಚ್ಚಿ ಮೂಲೆ ಕೆರೆಯುತ್ತಿತ್ತು. ಮೋಟಿ ಇನ್ನೊಂದು ಮೂಲೆಯಲ್ಲಿ ಹಿಂಗಾಲಿನಿಂದ ನೆಲ ಬಡಿಯುತ್ತಿತ್ತು. ಒಬ್ಬ ತಂದೆ ಗಾಜನ್ನು ಬೆರಳಿಂದ ಟಕಟಕ ಕುಟ್ಟಿ ಮಗನಿಗೆ ತೋರಿಸುತ್ತಿದ್ದ.

ಅಕ್ಕ ಆತನ ಕೈ ಹಿಡಿದಳು. "ಕುಟ್ಟಬೇಡಿ," ಎಂದಳು, ಅಷ್ಟೇ. ಬಾಗಿಲ ಹಿಂದೆ ಇನ್ನೂ ಬಿದ್ದಿದ್ದ ಹೊಟ್ಟಿನ ಚೀಲವನ್ನು ತಂದು, ಎಲ್ಲರ ಮುಂದೆ, ಬಿಳಿ ಕೋಟಿನಲ್ಲೇ ನೆಲದ ಮೇಲೆ ಮಂಡಿಯೂರಿ, ಬರಿಗೈಯಲ್ಲಿ ಹಳೆಯ ಹೊಟ್ಟನ್ನು ತೊಟ್ಟಿಗೆ ತುಂಬತೊಡಗಿದಳು. ಉಚ್ಚೆಯ ವಾಸನೆ ಕೋಣೆಯೆಲ್ಲ ಹರಡಿತು. ಯಜಮಾನರು ಓಡಿ ಬಂದರು.

"ಪೇಷೆಂಟ್‌ಗಳ ಮುಂದೆ ಇದೇನಮ್ಮಾ ಅಸಹ್ಯ?"

"ಅಸಹ್ಯ ನಾನು ಮಾಡಿದ್ದಲ್ಲ ಭಾವ. ಹೆದರಿರೋ ಮಗೂನ ಸುಮ್ಮನಾಗಿಸೋಕೆ ಇನ್ನೊಂದು ಜೀವಾನ ಹೆದರಿಸಿ ಇಟ್ಟಿದ್ದೀರಲ್ಲ, ಅದು. ಇವನ್ನ ನಾನು ಮನೆಗೆ ಒಯ್ತೀನಿ. ಇಲ್ಲಿ ಏನಾದ್ರೂ ಕುಣೀಲೇಬೇಕು ಅಂದ್ರೆ ನೀವು ಕುಣೀರಿ."

ಯಾವುದೋ ಒಂದು ಮಗು ಕಿಸಕ್ಕನೆ ನಕ್ಕಿತು. ಯಜಮಾನರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಸಂಜೆ ಗಂಡ ಹೆಂಡತಿ ತೊಟ್ಟಿಯನ್ನು ಮನೆಗೆ ಹೊತ್ತು ತಂದರು. ಆ ಮನೆಯ ಮುಂದಿನ ಕೋಣೆಯಲ್ಲಿ ಬಂದವರು ಕಾಲಿಡಲೂ ಹಿಂಜರಿಯುತ್ತಿದ್ದರು, ಅಷ್ಟು ಹೊಳಪು. ಈಗ ಅಲ್ಲಿ ನೆಲದ ಮೇಲೆ ಹುಲ್ಲಿನ ಕಡ್ಡಿ ಇರುತ್ತದೆ, ಗಾಳಿಯಲ್ಲಿ ಸಣ್ಣಗೆ ಒಂದು ನಾತ. ಅಕ್ಕ ಕೋಣೆ ಗುಡಿಸುತ್ತಾಳೆ. ತೊಟ್ಟಿಯನ್ನು ಮಾತ್ರ ಯಾವಾಗಲೋ ಒಮ್ಮೆ, ಒದ್ದೆಯಾದ ಭಾಗವನ್ನಷ್ಟೇ ತೆಗೆದು, ಹಳೆಯದನ್ನು ಹೊಸದಕ್ಕೆ ಬೆರೆಸುತ್ತಾಳೆ. ಅಕ್ಕತಂಗಿ ಮತ್ತೆ ಹೊಡೆದಾಡಿಲ್ಲ. ಆದರೂ ಕುಚ್ಚಿ ಆಗೊಮ್ಮೆ ಈಗೊಮ್ಮೆ ಅಷ್ಟು ಆಳದ ಹೊಟ್ಟನ್ನು ಬಿಟ್ಟು ಗಾಜಿನ ಮೂಲೆಗೆ ಹೋಗಿ ಕೆರೆಯುತ್ತದೆ. ಎಳೆಯದರಲ್ಲಿ ಹತ್ತಿದ ಈ ಚಟ ಪೂರ್ತಿ ಬಿಡಲಾರದು ಎಂದರಂತೆ ಪಶುವೈದ್ಯರು. ಅದು ಕೆರೆಯುವಾಗ ಅಕ್ಕ ಟಿವಿ ನಿಲ್ಲಿಸುತ್ತಾಳೆ.

ಮೊನ್ನೆ ಯಜಮಾನರು ಫೋನ್ ಮಾಡಿದ್ದರು. ಆ ಗುಲಾಬಿ ಪಂಜರ, ಚಕ್ರ ಎಲ್ಲಿ, ಇನ್ನೊಂದು ಜೊತೆ ತರುತ್ತೇನೆ ಎಂದು. ಅಕ್ಕ ಕ್ಲಿನಿಕ್ಕಿನಲ್ಲಿರುವ ನನ್ನ ಡ್ರಾಯರು ತೆಗೆದು ನೋಡಿ ಎಂದಳು. ಹಲ್ಲಿಗೆ ತಂತಿ ಕಟ್ಟುವಾಗ ಬಳಸುವ ಗಟ್ಟಿ ಕತ್ತರಿಯಿಂದ ಅವಳು ಆ ಚಕ್ರವನ್ನೂ ತಳದ ಬಲೆಯನ್ನೂ ಒಂದೊಂದೇ ತಂತಿಯಾಗಿ ಕತ್ತರಿಸಿ, ಚೂರುಗಳನ್ನು ಕುದಿಸಿ, ಒರೆಸಿ, ಸ್ಟೀಲ್ ಟ್ರೇಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಳು.