ಯಾರೂ ನೋಡದ ಕೂದಲು

ನನ್ನ ಕೂದಲು ಸೊಂಟದಿಂದ ಕೆಳಗೆ ಇಳಿಯುತ್ತಿತ್ತು. ಗುರುವಾಯನಕೆರೆಯಲ್ಲಿ ಇದನ್ನು ಬಲ್ಲವರು ಕಡಿಮೆ. ಅಲ್ಲಿಯ ಶಾಲೆಯಲ್ಲಿ ಹದಿನಾರು ವರ್ಷ ಕನ್ನಡ ಪಾಠ ಮಾಡಿದರೂ ಶಾಲು ಇಲ್ಲದ ನನ್ನ ತಲೆಯನ್ನು ಒಂದು ಮಗುವೂ ಕಂಡಿರಲಿಕ್ಕಿಲ್ಲ. ನೋಡುತ್ತಿದ್ದವರು ಮಗಳು, ನಮ್ಮ ಜೊತೆಗೇ ಇರುವ ಗಂಡನ ಅಕ್ಕ, ಮತ್ತೆ ಎರಡು ವರ್ಷಕ್ಕೊಮ್ಮೆ ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬರುವ ಗಂಡ. ರಜೆಯ ದಿನಗಳಲ್ಲಿ ನಾನು ತಲೆ ಬಾಚುವಾಗ ಅವರು ಪೇಪರ್ ಓದುವ ಹಾಗೆ ಮಾಡಿಕೊಂಡು ಕೂತಿರುತ್ತಿದ್ದರು.

ಎದೆಯಲ್ಲಿ ಗಡ್ಡೆ ಕಂಡು ಮಂಗಳೂರಿನಲ್ಲಿ ಕೀಮೋ ಶುರುವಾದಾಗ ನರ್ಸ್ ಹೇಳಿದ್ದರು, "ಎರಡು ಮೂರು ವಾರದಲ್ಲಿ ಕೂದಲು ಹೋಗ್ತದೆ. ಮನಸ್ಸು ಗಟ್ಟಿ ಮಾಡಿಕೊಳ್ಳಿ."

ಎರಡನೆಯ ಕೀಮೋಗೆ ಹೋಗುವ ದಿನ ಬಸ್ಸಿನಲ್ಲಿ ಜನ ತುಂಬಿದ್ದರು. ಬಿ.ಸಿ.ರೋಡ್ ಹತ್ತಿರ ಬರುವಾಗ ಶಾಲಿನ ಒಳಗೆ ಏನೋ ಜಾರಿ ಕುತ್ತಿಗೆಯ ಮೇಲೆ ಬಿದ್ದ ಹಾಗಾಯಿತು. ಏನೆಂದು ಗೊತ್ತಿತ್ತು. ಅಷ್ಟು ಜನರ ನಡುವೆ ಕೈ ಹಾಕಿ ತೆಗೆಯುವ ಹಾಗಿರಲಿಲ್ಲ. ಶಾಲನ್ನು ಇನ್ನಷ್ಟು ಬಿಗಿ ಮಾಡಿಕೊಂಡೆ. ಆಸ್ಪತ್ರೆಯಲ್ಲಿ ಡ್ರಿಪ್ಪಿನಲ್ಲಿ ಮದ್ದು ಏರಿಸಿಕೊಳ್ಳುವಾಗಲೂ ಅದು ಅಲ್ಲೇ ಇತ್ತು. ಸಂಜೆ ಮನೆಗೆ ಬಂದು ಶಾಲು ಬಿಚ್ಚಿದರೆ ಅರ್ಧ ಜಡೆ ಅದರ ಜೊತೆಗೇ ಬಂತು.

ಉಳಿದದ್ದನ್ನು ಮರುದಿನ ಗಂಡನ ಅಕ್ಕನೇ ಕತ್ತರಿಸಿ ಬೋಳಿಸಿದರು.

"ಅಷ್ಟು ಬೇಜಾರು ಯಾಕೆ?" ಎಂದರು. "ಹೇಗೂ ನಾವು ಶಾಲು ಹಾಕ್ತೇವಲ್ಲ. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ಶಾಲೆಯಿಂದ ನೋಡಲು ಬಂದ ಟೀಚರ್ ಒಬ್ಬರು ಕೂಡ ಅದನ್ನೇ ಹೇಳಿದರು. "ನಿಮಗೆ ವಿಗ್ಗಿನ ರಗಳೆ ಇಲ್ಲ ನೋಡಿ."

ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ತಲೆಯಾಡಿಸಿದೆ. ಆದರೆ ಯಾರೂ ಕಾಣದೆ ಇದ್ದದ್ದು ಯಾರೂ ಕಾಣದೆ ಹೋಯಿತು, ಅದಕ್ಕೆ ಅಳುವುದಕ್ಕೂ ನನಗೆ ಕಾರಣ ಇಲ್ಲದ ಹಾಗಾಯಿತು. ಕೂದಲನ್ನು ಬಟ್ಟೆಯಲ್ಲಿ ಕಟ್ಟಿ ಹಿತ್ತಿಲ ಚಿಕ್ಕು ಮರದ ಬುಡದಲ್ಲಿ ಹೂತೆ. ಒಂಬತ್ತನೆಯ ತರಗತಿಯ ಮಗಳು ಗುಂಡಿ ತೋಡಿಕೊಟ್ಟಳು. ತೋಡುವಷ್ಟು ಹೊತ್ತೂ ನನ್ನ ಮುಖ ನೋಡಲಿಲ್ಲ.

ಗಂಡನಿಗೆ ದಿನವೂ ವಿಡಿಯೋ ಕಾಲ್ ಇತ್ತು. ಕೂದಲು ಹೋದ ಮೇಲೆ ಕೋಣೆಯೊಳಗೂ ಶಾಲು ಹಾಕಿಯೇ ಮಾತಾಡುತ್ತಿದ್ದೆ.

"ನನ್ನ ಎದುರು ಯಾಕೆ ಶಾಲು?" ಎಂದರು ಒಂದು ವಾರದ ಮೇಲೆ.

"ಚಳಿ."

ಅದು ಏಪ್ರಿಲ್ ತಿಂಗಳು.

ಆಪರೇಷನ್ ನಿಶ್ಚಯವಾದಾಗ ರಜೆ ಹಾಕಿ ಬಂದರು. ಅವರು ಬಂದ ಮೇಲೂ ಮೂರು ದಿನ ನಾನು ಶಾಲು ತೆಗೆಯಲಿಲ್ಲ. ಮಲಗುವಾಗಲೂ ಇತ್ತು. ನಾಲ್ಕನೆಯ ದಿನ ಮಧ್ಯಾಹ್ನ ಊಟ ಸೇರದೆ ವಾಂತಿಯಾಯಿತು, ಶಾಲು ಕೊಳೆಯಾಯಿತು. ಬಚ್ಚಲಿನಲ್ಲಿ ನನ್ನನ್ನು ಹಿಡಿದುಕೊಂಡಿದ್ದವರು ಅವರೇ. ಕೇಳದೆ ಪಿನ್ನು ಬಿಚ್ಚಿದರು, ಶಾಲನ್ನು ಬಕೆಟಿಗೆ ಹಾಕಿದರು, ಕೈ ಒದ್ದೆ ಮಾಡಿ ನನ್ನ ತಲೆ ಒರೆಸಿದರು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಪುನಃ ಬರ್ತದೆ ಬಿಡು, ಎನ್ನುತ್ತಾರೆ ಎಂದುಕೊಂಡಿದ್ದೆ. ಎಲ್ಲರೂ ಅದನ್ನೇ ಹೇಳುತ್ತಿದ್ದರು.

"ಎಂಥ ಕೂದಲಿತ್ತು ನಿನಗೆ," ಎಂದರು ಅವರು.

ಅಷ್ಟೇ.

ಬಚ್ಚಲಿನ ನೆಲದಲ್ಲೇ ಕೂತು ನಾನು ಅತ್ತೆ. ಗಡ್ಡೆ ಸಿಕ್ಕಿದ ದಿನದಿಂದ ಹಾಗೆ ಅತ್ತಿರಲಿಲ್ಲ. ಅವರು ಸಮಾಧಾನ ಮಾಡಲಿಲ್ಲ. ನನ್ನ ಪಕ್ಕದಲ್ಲಿ ಕೂತು ಅವರೂ ಅತ್ತರು. ಹೊರಗಿನಿಂದ ಅವರ ಅಕ್ಕ ಬಾಗಿಲು ತಟ್ಟಿ, "ಏನಾಯ್ತು?" ಎಂದು ಕೇಳಿದರು.

ಆಪರೇಷನ್ ಆಯಿತು. ಒಂದು ಮೊಲೆ ಹೋಯಿತು. ಅದರ ಬಗ್ಗೆ ಬರೆಯಲು ನನಗಿನ್ನೂ ಆಗುವುದಿಲ್ಲ. ಅವರು ರಜೆ ಮುಗಿಸಿ ಹೋದರು.

ಕೂದಲು ಈಗ ಕಿವಿಯ ತನಕ ಬಂದಿದೆ, ಗುಂಗುರು, ಅರ್ಧಕ್ಕರ್ಧ ಬಿಳಿ. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಮಂಗಳೂರಿಗೆ ಹೋಗಬೇಕು. ಆ ದಿನ ಬೆಳಿಗ್ಗೆ ದಮ್ಮಾಮಿನಿಂದ ಫೋನ್ ಬರುತ್ತದೆ. ಬಸ್ ಸಿಕ್ಕಿತಾ, ಸೀಟ್ ಸಿಕ್ಕಿತಾ ಎಂದು ಕೇಳುತ್ತಾರೆ. ಸಿಕ್ಕಿತು ಎಂದು ಹೇಳಿ, ಶಾಲಿನ ಮೇಲಿಂದ ಕುತ್ತಿಗೆಯನ್ನು ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತೇನೆ.